ದೊಡ್ಡವ್ವನ ಎಡಗೈ

ನನ್ನ ಬಲಗಾಲಿನ ಕೊನೆಯ ಎರಡು ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಪಾದದ ಮೇಲಿನ ಚರ್ಮ ಸುಟ್ಟ ಹಪ್ಪಳದ ಹಾಗೆ ಸುಕ್ಕಾಗಿದೆ. ಎರಡು ತಿಂಗಳ ಕೂಸಾಗಿದ್ದಾಗ ಮೈಗೆ ನೀರೆರೆಯುವ ಹೊತ್ತಿನಲ್ಲಿ ಬಿಸಿನೀರು ಬಿದ್ದು ಆದದ್ದು. ಎರೆಯುತ್ತಿದ್ದವಳು ದೊಡ್ಡಪ್ಪನ ಹೆಂಡತಿ ಗೌರವ್ವ. ಕೈ ಜಾರಿತು ಅಂದಳು, ಮನೆಯವರು ಹೌದೆಂದರು, ಅಲ್ಲಿಗೆ ಮುಗಿಯಿತು. ನಾನೂ ಹಾಗೇ ಹೇಳಿಕೊಂಡು ಬಂದೆ. ಚಪ್ಪಲಿ ಅಂಗಡಿಯವನು ಕೇಳಿದರೂ ಅದೇ ಉತ್ತರ: ದೊಡ್ಡವ್ವನ ಕೈ ಜಾರಿತ್ತು.

ಆ ದೊಡ್ಡವ್ವನ ಬಗ್ಗೆ ಬರೆಯುತ್ತಿದ್ದೇನೆ. ಹೆದರಿಕೊಂಡೇ ಬರೆಯುತ್ತಿದ್ದೇನೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ಆಕೆಯ ತವರು ಹುಕ್ಕೇರಿ. ನಮ್ಮೂರು ಕಲ್ಲೋಳಿಗೆ ಸೊಸೆಯಾಗಿ ಬಂದಾಗ ಹದಿನೆಂಟು ವಯಸ್ಸು. ಹುಟ್ಟಿದ ಒಂದೇ ಗಂಡುಕೂಸು ಒಂಬತ್ತನೇ ದಿನಕ್ಕೆ ತೀರಿಕೊಂಡಿತು, ಮತ್ತೆ ಮಕ್ಕಳಾಗಲಿಲ್ಲ. ನನ್ನ ಕಾಲು ಸುಟ್ಟ ಮರುವರ್ಷದಿಂದ ಆಕೆ ಊರಿನ ಕೂಸುಗಳಿಗೆಲ್ಲ ಎರೆಯಲು ಹೋಗತೊಡಗಿದಳು. ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು, ಕಾಲು ಚಾಚಿ, ಕೂಸನ್ನು ಕಾಲುಗಳ ಮೇಲೆ ಬೋರಲು ಹಾಕಿಕೊಂಡರೆ ಎಂಥ ಹಟದ ಕೂಸೂ ಸುಮ್ಮನಾಗುತ್ತಿತ್ತು. ನೀರನ್ನು ಮಾತ್ರ ಬೇರೆ ಯಾರೂ ಬೆರೆಸುವಂತಿಲ್ಲ. ಎಡಗೈಯ ಮಣಿಕಟ್ಟಿನ ಮೇಲೆ ಮೂರು ಸಲ ಸುರಿದುಕೊಂಡು ನೋಡಿದ ಮೇಲೆಯೇ ಕೂಸಿನ ಮೈಗೆ. ಬಾಣಂತಿಯರು ನಗುತ್ತಿದ್ದರು.

"ಗೌರವ್ವಕ್ಕ, ನೀವು ನೋಡೂದ್ರಾಗ ನೀರ ಆರಿ ಹೋಗ್ತಾವ್ರಿ."

"ಆರ್ಲಿ ತಗೋ. ಆರಿದ್ರ ಮತ್ತ ಕಾಸಬಹುದು."

ಮೂವತ್ತೈದು ವರ್ಷ ಹೀಗೆ ಎರೆದಳು. ಒಂದು ಬಟ್ಟಲು ಚಹಾ ಬಿಟ್ಟು ಯಾರ ಮನೆಯಲ್ಲೂ ಏನನ್ನೂ ಮುಟ್ಟಲಿಲ್ಲ. ಇಂಥ ಹೆಂಗಸು ನಮ್ಮ ಮನೆಯಲ್ಲಿದ್ದಾಳೆ ಅಂತ ನನಗೆ ಎಲ್ಲಿಲ್ಲದ ಜಂಬ.

ನಾನು ಗ್ಯಾರೇಜಿನವನು. ಗಾಡಿ ಗುದ್ದಿಸಿಕೊಂಡು ಬರುವ ಹತ್ತು ಜನರಲ್ಲಿ ಒಂಬತ್ತು ಜನ ಬ್ರೇಕ್ ಹತ್ತಲಿಲ್ಲ ಅನ್ನುತ್ತಾರೆ. ಬಿಚ್ಚಿ ನೋಡಿದರೆ ಬ್ರೇಕಿಗೆ ಏನೂ ಆಗಿರುವುದಿಲ್ಲ, ಇವರು ಒತ್ತಿರುವುದಿಲ್ಲ ಅಷ್ಟೆ. ಇದನ್ನು ಮುಖಕ್ಕೇ ಹೇಳಿ ಎಷ್ಟೋ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ. ಆದರೆ ನನ್ನದೇ ಕಾಲಿನ ಸಂಗತಿಯನ್ನು ಬಿಚ್ಚಿ ನೋಡುವ ಬುದ್ಧಿ ನನಗೆ ಎಂದೂ ಬರಲಿಲ್ಲ.

ಹೋದ ಚಳಿಗಾಲದಲ್ಲಿ ದೊಡ್ಡವ್ವನಿಗೆ ಲಕ್ವಾ ಹೊಡೆಯಿತು. ಗೋಕಾಕದ ದವಾಖಾನೆಯಲ್ಲಿ ಎಂಟು ದಿನ. ಮಾತು ಬಂತು, ಕಾಲು ಬಂತು, ಎಡಗೈಯೂ ಆಡತೊಡಗಿತು. ನಾವು ಓಣಿಗೆಲ್ಲ ಕರದಂಟು ಹಂಚಿದೆವು. ಆ ಕೈ ಆಡದೇ ಇದ್ದಿದ್ದರೆ ಚೆನ್ನಾಗಿತ್ತು ಅಂತ ಆಗ ಯಾರಿಗೆ ಗೊತ್ತಿತ್ತು?

ಮನೆಗೆ ಬಂದ ಮೂರನೇ ದಿನ ಬೆಳಗ್ಗೆ ಪೂಜೆಗೆ ಕೂತಿದ್ದಳು. ನಮ್ಮಲ್ಲಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡೇ ಪೂಜೆ. ಇದ್ದಕ್ಕಿದ್ದಂತೆ ಆ ಕೈ ಮುಷ್ಟಿ ಕಟ್ಟಿತು. ಬಲಗೈಯಿಂದ ಬಿಡಿಸಲು ಹೋದಳು, ಬಿಡಲಿಲ್ಲ. ಆಮೇಲೆ ತಾನಾಗಿಯೇ ಬಿಚ್ಚಿ, ಅಂಗೈ ಬೋರಲಾಗಿ, ಲಿಂಗ ನೆಲಕ್ಕೆ ಬಿದ್ದು ಉರುಳಿತು. ದೊಡ್ಡವ್ವ ನನ್ನ ಹೆಸರು ಹಿಡಿದು ಚೀರಿದ ದನಿ ನನಗೆ ಇನ್ನೂ ಕೇಳಿಸುತ್ತದೆ.

"ನಾ ಮಾಡ್ಲಿಲ್ಲೋ ಶ್ರೀಶೈಲ! ಅದು ಮಾಡ್ತು!"

ತನ್ನ ಕೈಯನ್ನೇ "ಅದು" ಅಂದಳು.

ಅಲ್ಲಿಂದ ಮನೆಯಲ್ಲಿ ಎಲ್ಲರ ಕಣ್ಣೂ ಆ ಕೈಯ ಮೇಲೆ. ಬಲಗೈ ಸೆರಗು ಹೊದ್ದರೆ ಎಡಗೈ ಎಳೆದುಹಾಕುವುದು. ಬಲಗೈ ರೊಟ್ಟಿ ಮುರಿದರೆ ಎಡಗೈ ತಟ್ಟೆಯನ್ನೇ ಸರಿಸುವುದು. ಆಕೆ ಬಯ್ಯುವಳು, ಹೊಡೆಯುವಳು, ಅದು ಒಂದು ಗಳಿಗೆ ಸುಮ್ಮನಿದ್ದು ಮತ್ತೆ ತಡಕಾಡುವುದು. ಅಷ್ಟರಲ್ಲಿ ನನ್ನ ಹೆಂಡತಿ ಶೋಭಾ ಮೂರು ತಿಂಗಳ ಮಗಳನ್ನು ಎತ್ತಿಕೊಂಡು ತವರಿನಿಂದ ಬಂದಳು.

ಬಂದ ನಾಲ್ಕನೇ ದಿನ ಮಧ್ಯಾಹ್ನ ದೊಡ್ಡವ್ವ ತೊಟ್ಟಿಲ ಮೇಲೆ ಬಾಗಿ ಕೂಸನ್ನು ನೋಡುತ್ತಿದ್ದಳಂತೆ. ಎಡಗೈ ಹೋಗಿ ಕೂಸಿನ ಅಂಗಿಯನ್ನು ಕುತ್ತಿಗೆಯ ಹತ್ತಿರ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ನಾನು ಓಡಿ ಬರುವಷ್ಟರಲ್ಲಿ ಕೂಸಿನ ಮುಖ ಕೆಂಪಾಗಿ ದನಿ ಹೊರಡುತ್ತಿರಲಿಲ್ಲ. ದೊಡ್ಡವ್ವ ಬಲಗೈಯಿಂದ ಎಡಗೈಗೆ ಹೊಡೆಯುತ್ತ "ಬಿಡ, ಬಿಡ ಅದನ್ನ!" ಅಂತ ಬೀದಿನಾಯಿಗೆ ಗದರಿಸುವಂತೆ ಗದರಿಸುತ್ತಿದ್ದಳು. ನಾನು ಒಂದೊಂದೇ ಬೆರಳು ಬಿಡಿಸಿದೆ. ಆ ಬೆರಳುಗಳಲ್ಲಿ ಎಷ್ಟು ಶಕ್ತಿ ಇತ್ತೆಂದರೆ, ಅರವತ್ತು ದಾಟಿದ ಹೆಂಗಸಿನದು ಅಂತ ನಂಬಲಾಗಲಿಲ್ಲ.

"ಒಂದ ಆಕೀನ್ನ ದವಾಖಾನಿಗೆ ತೋರ್ಸ್ರಿ, ಇಲ್ಲಾಂದ್ರ ನಾ ಕೂಸಿನ್ನ ತಗೊಂಡು ಹೋಕ್ಕೇನ್ರಿ," ಅಂದಳು ಶೋಭಾ. ತಪ್ಪೇನಿತ್ತು ಅವಳದು? ನನಗೂ ರಾತ್ರಿಯೆಲ್ಲ ಅದೇ ಬೆರಳುಗಳು ಕಾಣುತ್ತಿದ್ದವು. ಅಂದಿನಿಂದ ದೊಡ್ಡವ್ವ ಎಡಗೈಯನ್ನು ತೊಡೆಯ ಕೆಳಗೆ ಅದುಮಿಕೊಂಡೇ ಕೂರತೊಡಗಿದಳು.

ಬೆಳಗಾವಿಯ ಮೆದುಳಿನ ಡಾಕ್ಟರು ಸ್ಕ್ಯಾನ್ ಮಾಡಿಸಿ, ಪಟವನ್ನು ಬೆಳಕಿಗೆ ಹಿಡಿದು ತೋರಿಸಿದರು. ನಮ್ಮ ಕಡೆಯವರೇ, ಮಾತಿನಲ್ಲೇ ಗೊತ್ತಾಗುತ್ತಿತ್ತು.

"ಮೆದುಳಿನ್ಯಾಗ ಹೊಳಿಗಿದ್ದಂಗ ಎರಡು ದಂಡಿ ಇರ್ತಾವ್ರಿ. ನಡುವ ಒಂದು ಪೂಲ, ಅಂದ್ರ ಸೇತುವಿ. ಘಟಪ್ರಭಾ ಬಂದ್ರ ಲೋಳಸೂರ ಪೂಲ ಮುಳಗತೈತಿ ನೋಡ್ರಿ, ಹಂಗ ಇವರದು ಕೆಟ್ಟೈತಿ. ಎಡಗೈ ಏನ್ ಮಾಡಾಕತ್ತೈತಿ ಅಂತ ಇವರಿಗೆ ಸುದ್ದಿ ಮುಟ್ಟೂದ್ರಾಗ ಅದು ಮಾಡಿ ಮುಗಿಸಿರತೈತಿ."

"ಹಂಗಾರ ಅದನ್ನ ಮಾಡೂದು ಯಾರ್ರಿ?" ದೊಡ್ಡವ್ವ ಕೇಳಿದಳು.

ಡಾಕ್ಟರು ನಕ್ಕರು. ಇದು ದೊಡ್ಡ ದೊಡ್ಡವರು ಜಗಳಾಡುವ ಪ್ರಶ್ನೆ ಅಂದರು. ನೆಟ್ಟಗಿದ್ದವರ ಕೈ ಎತ್ತಿಸಿ ನೋಡಿದ್ದಾರಂತೆ. ಎತ್ತುತ್ತೇನೆ ಅಂತ ಮನಸ್ಸಿಗೆ ತಿಳಿಯುವ ಮುಂಚೆಯೇ ಮೆದುಳು ತಯಾರಿ ಶುರು ಮಾಡಿರುತ್ತದಂತೆ. ಹಾಗಾದರೆ ನಾವು ಮಾಡುವುದು ಏನೂ ಇಲ್ಲ, ತಪ್ಪೂ ನಮ್ಮದಲ್ಲ ಅನ್ನುವವರು ಕೆಲವರು. ತಯಾರಿಗೂ ಕೆಲಸಕ್ಕೂ ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಇರುತ್ತದೆ, ಬೇಡ ಅಂತ ತಡೆಯುವುದು ಆಗ ನಮ್ಮ ಕೈಲಿದೆ ಅನ್ನುವವರು ಇನ್ನು ಕೆಲವರು. ಜಗಳ ಇನ್ನೂ ಮುಗಿದಿಲ್ಲವಂತೆ.

"ಅದೇನ ಇರ್ಲಿ. ನಿಮ್ಮ ಈ ಕೈಗೆ ಆ ತಡಿಯೂ ಹೊತ್ತ ಇಲ್ರಿ ಅವ್ವಾರ. ಅದಕ್ಕ ಇದ್ರಾಗ ನಿಮ್ಮ ತಪ್ಪಿಲ್ಲ," ಅಂದರು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ದೊಡ್ಡವ್ವನ ಮುಖ ನೋಡಿದರೆ ಬೂದಿ ಬಳಿದಂತಿತ್ತು.

ಬರುವಾಗ ಕಾರಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಗೋಕಾಕ ಫಾಲ್ಸಿನ ಮಿಲ್ಲು ಕಾಣಿಸಿತು. ಆಮೇಲೆ ರಸ್ತೆಯನ್ನೇ ನೋಡುತ್ತ ಶುರು ಮಾಡಿದಳು.

"ಶ್ರೀಶೈಲ, ಕೈ ಜಾರಿತು ಅಂತ ಹೇಳಿ ಹೇಳಿ ನಾನೂ ನಂಬಿದ್ದೆ. ಈಗ ಕೈ ತಾನ ಮಾಡೂದು ಹೆಂಗಿರತೈತಿ ಅಂತ ಕಂಡೇನಿ. ಅವತ್ತು ಹಂಗ ಇರಲಿಲ್ಲೋ ತಮ್ಮಾ."

"ಏನಂತಿ ದೊಡ್ಡವ್ವ?"

"ನನ್ನ ಕೂಸಿಗಂತ ನಮ್ಮಪ್ಪ ಹುಕ್ಕೇರಿಂದ ಬೆಳ್ಳಿ ಕರಡಿಗಿ ಮಾಡಿಸ್ಕೊಂಡ ಬಂದಿದ್ದ, ಲಿಂಗ ಇಡಾಕ. ಕೂಸು ಹೋತು, ಕರಡಿಗಿ ನನ್ನ ಪೆಟ್ಟಿಗ್ಯಾಗ ಇತ್ತು. ಅವತ್ತ ಮುಂಜಾನೆ ನೋಡಿದ್ರ ನಿನ್ನ ತೊಟ್ಟಲಕ್ಕ ಕಟ್ಟ್ಯಾರ. ನಮ್ಮತ್ತಿ ನನ್ನ ಒಂದ ಮಾತ ಕೇಳಿರಲಿಲ್ಲ. ನೀರ ಕುದಿಯಾಕತ್ತಿದ್ದು ನನಗ ಗೊತ್ತಿತ್ತು. ತಂಬಿಗಿ ತುಂಬಿದ್ದೂ ಗೊತ್ತಿತ್ತು. ಅದನ್ನ ನಿನ್ನ ಎದಿ ಮ್ಯಾಲ ಎತ್ತಿ ಹಿಡದಿದ್ದೆ."

ನಾನು ಗೇರು ಇಳಿಸಿದೆ.

"ಅರ್ಧಕ್ಕ ಕೈ ಆ ಕಡೆ ಹೊಳ್ಳಿಸಿದೆ. ಕಾಲ ಮ್ಯಾಲ ಬಿತ್ತು. ಆ ಡಾಕ್ಟರ್ ಹೇಳಿದ್ನಲ್ಲ, ತಡಿಯೂ ಹೊತ್ತು ಅಂತ. ಅದು ನನಗಿತ್ತೋ. ನಾ ತಡ ಮಾಡ್ದೆ."

ಕ್ಷಮಿಸು ಅನ್ನಲಿಲ್ಲ, ಅಳಲಿಲ್ಲ. ನನಗೆ ಸಿಟ್ಟು ಬಂದಿತ್ತು, ಖರೆ. ಮೂವತ್ತಾರು ವರ್ಷದ ಮೇಲೆ ಯಾಕೆ ಹೇಳಬೇಕಿತ್ತು? ನನ್ನ ಅವ್ವ ಅದನ್ನು ಕೈ ಜಾರಿದ್ದು ಅಂತ ನಂಬಿಯೇ ಸತ್ತಳು, ನಾನೂ ಹಾಗೇ ಸಾಯಬಹುದಿತ್ತು. ಸಿಟ್ಟಿಗಿಂತ ಭಯ ಹೆಚ್ಚಾಗಿತ್ತು. ಮನೆಯಲ್ಲಿ ನನ್ನ ಮಗಳಿದ್ದಳು. ಇಷ್ಟು ದಿನ ಆಕೆಯ ಎಡಗೈಯನ್ನು ಮಾತ್ರ ಕಾಯುತ್ತಿದ್ದೆ. ಈಗ ಬಲಗೈಯನ್ನೂ ಕಾಯತೊಡಗಿದೆ. ಎತ್ತಿದವಳು ದೊಡ್ಡವ್ವನೋ, ಹೊಳ್ಳಿಸಿದವಳು ದೊಡ್ಡವ್ವನೋ? ಶೋಭಾಗೆ ಇದನ್ನು ಹೇಳಲಿಲ್ಲ.

ಮೂರನೇ ದಿನ ಬೆಳಗ್ಗೆ ಕೂಸಿಗೆ ಎರೆಯಬೇಕಿತ್ತು. ಈಗ ಶೋಭಾನೇ ಎರೆಯುತ್ತಾಳೆ, ನೀರು ಬೆರೆಸಿ ಕೊಡುವುದು ನನ್ನ ಕೆಲಸ. ದೊಡ್ಡವ್ವ ಬಚ್ಚಲ ಬಾಗಿಲಲ್ಲಿ ಕಾಲು ಚಾಚಿ, ಎಡಗೈ ತೊಡೆಯ ಕೆಳಗೆ ಅದುಮಿಕೊಂಡು, ಎಂದಿನಂತೆ ಹೇಳಿಕೊಡಲು ಕೂತಿದ್ದಳು. ಶೋಭಾ ಒಳಗೆ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಹಂಡೆಯ ಮುಚ್ಚಳ ಸರಿಸಿ ತಂಬಿಗೆ ಅದ್ದಿದೆ. ನೀರು ಕುದಿಯುತ್ತಿತ್ತು.

ತಂಬಿಗೆ ತುಂಬಿ ಎದ್ದೆ. ತಣ್ಣೀರಿನ ಬಕೆಟ್ಟು ನನ್ನ ಎಡಕ್ಕಿತ್ತು. ಬಲಕ್ಕೆ, ಒಂದು ಗೇಣಿನ ದೂರದಲ್ಲಿ, ದೊಡ್ಡವ್ವನ ಪಾದ.

ತಂಬಿಗೆ ಬಲಕ್ಕೆ ಹೋಯಿತು. ಹೋಯಿತು ಅಂತ ಬರೆದೆ ನೋಡಿ, ಈಗಲೂ ನಾನೇ ಒಯ್ದೆ ಅನ್ನಲು ಪೆನ್ನು ಏಳುವುದಿಲ್ಲ. ಬಗ್ಗಿಸಿದ್ದೂ ನಾನೇ. ದೊಡ್ಡವ್ವ ನೋಡಿದಳು, ಕಾಲು ಹಿಂದಕ್ಕೆ ತೆಗೆಯಲಿಲ್ಲ. ತಂಬಿಗೆಯ ಅಂಚಿಗೆ ನೀರು ಬಂದದ್ದು ನನಗೆ ಕಾಣಿಸುತ್ತಿತ್ತು. ಅದರ ನಂತರ ಒಂದು ಸಣ್ಣ ಹೊತ್ತು ಇತ್ತು. ಇತ್ತು, ಸುಳ್ಳು ಹೇಳಲಾರೆ. ಆ ಹೊತ್ತಿನಲ್ಲಿ ನಾನು ಬೇಕಂತಲೇ ಸುಮ್ಮನಿದ್ದೆ. ಆಮೇಲೆ ಕೈ ಹೊಳ್ಳಿಸಿದೆ. ನೀರು ಬಚ್ಚಲ ಕಲ್ಲಿನ ಮೇಲೆ ಬಿದ್ದು ಸಿಡಿದು, ನಾಲ್ಕು ಹನಿ ಆಕೆಯ ಕಾಲಿಗೆ, ನಾಲ್ಕು ಹನಿ ನನ್ನ ಅಂಟಿದ ಬೆರಳುಗಳಿಗೆ ಹತ್ತಿದವು.

ಸಪ್ಪಳ ಕೇಳಿ ಶೋಭಾ ಕೂಸನ್ನು ಎತ್ತಿಕೊಂಡು ಬಂದಳು.

"ಅಯ್ಯ, ಏನಾತ್ರಿ?"

"ಏನಿಲ್ಲ," ಅಂದೆ. "ಕೈ ಜಾರಿತು."

ದೊಡ್ಡವ್ವ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಬಕೆಟ್ಟಿಗೆ ಬಿಸಿನೀರು ಬೆರೆಸಿ, ನನ್ನ ಎಡಗೈಯ ಮಣಿಕಟ್ಟಿನ ಮೇಲೆ ಮೂರು ಸಲ ಸುರಿದುಕೊಂಡು ನೋಡಿದೆ.