ಚೆನ್ನವ್ವನ ಹೂಂ

ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಕರೆಂಟು ಹೋದರೆ ಮಗ್ಗದ ಮಾಲೀಕರು ಬೈಯುತ್ತಾರೆ. ಮಲಕವ್ವ ದುಡಿಯುವ ಶೆಡ್ಡಿನ ಹೆಂಗಸರು ಮಾತ್ರ ಒಳಗೊಳಗೇ ಖುಷಿಪಡುತ್ತಾರೆ. ಮಗ್ಗದ ಸದ್ದಿನಲ್ಲಿ ಪಕ್ಕದವಳು ಕಿರುಚಿದರೂ ಕೇಳದ ಜಾಗ ಅದು. ಆ ಸದ್ದು ನಿಂತಿತೋ, ಲಾಳಿಯ ಕಾಂಡಿಗೆ ನೂಲು ಸುತ್ತುವವರೆಲ್ಲ ಎದ್ದು ಬಂದು ಮಲಕವ್ವನ ಸುತ್ತ ಕೂರುತ್ತಾರೆ, ಅವಳು ಕತೆ ಶುರುಮಾಡುತ್ತಾಳೆ. ಕರೆಂಟು ಯಾವ ಗಳಿಗೆಯಲ್ಲಿ ಬರುತ್ತದೋ ದೇವರಿಗೇ ಗೊತ್ತು. ಹಾಗಾಗಿ ಎಲ್ಲಿ ಕಡಿದರೂ ಕೇಳುವವರ ಜೀವ ತಳಮಳಿಸಬೇಕು, ಹಾಗೆ ಹೇಳುವುದನ್ನು ಅವಳು ಕಲಿತಿದ್ದಳು. ಸೊಸೆ ಬಾವಿಕಟ್ಟೆ ಹತ್ತಿದಳು ಎನ್ನುವಷ್ಟರಲ್ಲಿ ಮಗ್ಗ ಗಡಗಡ ಎಂದರೆ ಮುಗಿಯಿತು, ಮರಾಠಿ ಹುಡುಗಿ ಕಾಜಲ ಸಂಜೆತನಕ ಮುಂದೇನು ಮುಂದೇನು ಎಂದು ಕೈಸನ್ನೆ ಮಾಡುತ್ತಲೇ ಇರುತ್ತಿದ್ದಳು.

ಕತೆಗೆ ಹೂಂಗುಟ್ಟುವವರೊಬ್ಬರು ಬೇಕಲ್ಲ, ಅದು ಚೆನ್ನವ್ವನ ಕೆಲಸ. ಒಂದೇ ಚಾಳಿನಲ್ಲಿ ಗೋಡೆಗೆ ಗೋಡೆ ಹಚ್ಚಿ ಬದುಕಿದವರು ಇಬ್ಬರೂ, ಬಾಣಂತನಕ್ಕೆ ಒಬ್ಬರಿಗೊಬ್ಬರು ನೀರು ಕಾಯಿಸಿ ಕೊಟ್ಟವರು. ಚೆನ್ನವ್ವನ ಹೂಂ ಎಷ್ಟು ಉದ್ದವಿದೆ ಎಂದು ಕೇಳಿಯೇ ಮಲಕವ್ವ ಕತೆಯನ್ನು ಬಿಗಿಮಾಡುತ್ತಿದ್ದಳು, ಸಡಿಲ ಬಿಡುತ್ತಿದ್ದಳು.

ಈ ಸಲದ ಕತೆಗೊಬ್ಬಳು ಕೆಟ್ಟ ಅತ್ತೆ ಬೇಕಾಗಿತ್ತು. ಬರೀ ಕೆಟ್ಟವಳು ಎಂದರೆ ಯಾರು ನಂಬುತ್ತಾರೆ? ಅವಳು ಏನು ಮಾಡುತ್ತಾಳೆ, ಅದು ಕಣ್ಣಿಗೆ ಕಟ್ಟಬೇಕು. ಮಲಕವ್ವನ ಬೊಚ್ಚುಬಾಯಿಗೆ ತಟ್ಟನೆ ಬಂದದ್ದು ಇದು: ಅತ್ತೆ ಒಂದು ರೊಟ್ಟಿಯನ್ನು ಸದಾ ಉಡಿಯಲ್ಲಿ ಕಟ್ಟಿಕೊಂಡೇ ಓಡಾಡುತ್ತಾಳೆ, ಸೊಸೆ ಹಸಿದು ಸತ್ತರೂ ಗಂಟು ಬಿಚ್ಚುವುದಿಲ್ಲ. ಹೆಂಗಸರು ನಕ್ಕರು. ನಕ್ಕವರೆಲ್ಲ ಚೆನ್ನವ್ವನ ಉಡಿಯ ಕಡೆ ನೋಡಿದರು. ಅಲ್ಲಿ ಎಂದಿನಂತೆ ರೊಟ್ಟಿಯ ಗಂಟು ಉಬ್ಬಿಕೊಂಡಿತ್ತು. ಚೆನ್ನವ್ವ ಎದ್ದು ಹೋದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳನ್ನು ಆಡಿಕೊಳ್ಳಬೇಕೆಂದು ಮಲಕವ್ವ ಹೇಳಿರಲಿಲ್ಲ, ಕತೆಗೆ ಜೀವ ಬರಲೆಂದು ಕಣ್ಣೆದುರಿಗಿದ್ದದ್ದನ್ನು ಎತ್ತಿಕೊಂಡಿದ್ದಳು, ಅಷ್ಟೆ. ಹಾಗೆಂದು ಹೇಳಲು ಹೋದರೆ ಚೆನ್ನವ್ವ ಬಾಗಿಲು ಹಾಕಿಕೊಂಡಳು. ಗೋಡೆಯಾಚೆ ಅವಳ ಕೆಮ್ಮು ಕೇಳುತ್ತದೆ, ಮಾತಿಲ್ಲ. ಮಲಕವ್ವನಿಗೆ ಊಟ ಸೇರಲಿಲ್ಲ. ಈ ಪರದೇಶದಂಥ ಊರಿನಲ್ಲಿ ಇದ್ದವಳು ಅವಳೊಬ್ಬಳೇ, ಅವಳನ್ನೂ ಬಾಯಿಚಟಕ್ಕೆ ಕಳೆದುಕೊಂಡೆನಲ್ಲ ಎಂದು ಅತ್ತಳು.

ಶೆಡ್ಡಿನಲ್ಲಿ ಮತ್ತೆ ಕರೆಂಟು ಹೋಯಿತು. ಚೆನ್ನವ್ವ ತನ್ನ ಮಶೀನಿನ ಹತ್ತಿರವೇ ಬೆನ್ನು ತಿರುಗಿಸಿ ಕೂತಳು. ಕಾಜಲ ಪಾಪ, ಹೂಂಗುಟ್ಟಲು ನೋಡಿದಳು. ಸೊಸೆ ಕಣ್ಣೀರಿಟ್ಟಾಗಲೂ ಹೂಂ, ಎಮ್ಮೆ ನೀರು ಕುಡಿದಾಗಲೂ ಹೂಂ. ಕತೆ ಮುಂದೆ ಹೋಗಲಿಲ್ಲ. ಅತ್ತೆ ರೊಟ್ಟಿಗಂಟು ಹಿಡಿದು ನಿಂತಲ್ಲಿಗೆ ಮಲಕವ್ವ ಕತೆ ನಿಲ್ಲಿಸಿದಳು.

"ಆಕಿ ಯಾಕ ಹಂಗ ರೊಟ್ಟಿ ಕಟಗೊಂಡ ತಿರಗತಾಳ, ನನಗ ಗೊತ್ತಿಲ್ಲವಾ," ಎಂದಳು. "ಇಷ್ಟ ವರ್ಷ ಬಾಜೂಕ ಇದ್ದೂ ನಾ ಒಮ್ಮೀನೂ ಕೇಳಿಲ್ಲ."

ಆಮೇಲೆ ಮಶೀನಿನ ಕಡೆಯಿಂದ, ತಿರುಗಿಯೂ ನೋಡದೆ, ಚೆನ್ನವ್ವ ಮಾತಾಡಿದಳು.

"ಆ ಅತ್ತಿ ಸಣ್ಣಾಕಿ ಇದ್ದಾಗ, ಕೂಸಿನ್ನ ಬಗಲಾಗ ಹಾಕ್ಕೊಂಡ ಈ ಕಡೆ ದುಡ್ಯಾಕ ಬಂದ್ಳು. ಮಿರಜ ಸ್ಟೇಶನ್ನದಾಗ ಕುಂತಿದ್ಳು."

"ಹೂಂ," ಎಂದಳು ಮಲಕವ್ವ.

"ಕೂಸು ರೊಟ್ಟಿ ರೊಟ್ಟಿ ಅಂತ ಅಳಾಕತ್ತಿತ್ತು. ಬಾಜೂದಾಕಿ ಬುತ್ತಿ ಬಿಚ್ಚಿ ಉಣ್ಣಾಕತ್ತಿದ್ಳು. ಇಕಿಗಿ ಕೇಳಾಕ ನಾಚಿಕಿ ಬಂತು. ಕೂಸು ಅತ್ತ ಅತ್ತ ಮಲಗಿಬಿಡ್ತು."

"ಹೂಂ."

"ಅವತ್ತಿನಿಂದ ಒಂದ ರೊಟ್ಟಿ ಉಡ್ಯಾಗ ಇಟಗೊಂಡಾಳ. ಹಸದವ್ರ ಯಾರರ ಕೇಳಿದ್ರ ಕೊಡೂನು ಅಂತ." ಚೆನ್ನವ್ವ ಮೂಗು ಒರೆಸಿಕೊಂಡಳು. "ಯಾರೂ ಕೇಳೂದಽ ಇಲ್ಲ."

ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳು ಗಡಗಡ ಎಂದವು, ಇನ್ನು ಯಾವ ಮಾತೂ ಕೇಳಿಸುವಂತಿರಲಿಲ್ಲ. ಮಲಕವ್ವ ಎದ್ದು ಹೋಗಿ ಚೆನ್ನವ್ವನ ಮುಂದೆ ನಿಂತು ಅಂಗೈ ಚಾಚಿದಳು. ಚೆನ್ನವ್ವ ಗಂಟು ಬಿಚ್ಚಿ, ರೊಟ್ಟಿ ಮುರಿದು, ದೊಡ್ಡ ಚೂರನ್ನು ಆ ಅಂಗೈಗಿಟ್ಟು, ಕಿವಿಯ ಹತ್ತಿರ ಬಂದು ಕೂಗಿದಳು:

"ಕಟಕ ಆಗೇತಿ. ನೀರಾಗ ಅದ್ದಿ ತಿನ್ನು, ನಿನಗೆಲ್ಲಿ ಹಲ್ಲ ಅದಾವ!"