ಊಟಕ್ಕೆ ಕರೆಯುವ ಭಾಷೆ

ಗುರುಗುಂಟಾ ಕಡೆಯ ಶಾಲೆಯಿಂದ ಸಿಂಧನೂರು ತಾಲ್ಲೂಕಿಗೆ ವರ್ಗವಾಗಿ ಬಂದ ವರ್ಷ ನನಗೆ ನಾಲ್ಕನೆಯ ತರಗತಿ ಕೊಟ್ಟರು. ಗೊರೇಬಾಳದ ಆಚೆ, ಕಾಲುವೆಯ ಮಗ್ಗುಲಲ್ಲಿದ್ದ ಶಾಲೆ. ಕಿಟಕಿಯಿಂದ ಕಾಣುವುದೆಲ್ಲ ಭತ್ತದ ಗದ್ದೆ. ಲಿಂಗಸುಗೂರಿನ ಜೋಳ, ತೊಗರಿಯ ಹೊಲಗಳನ್ನು ನೋಡಿ ಬೆಳೆದ ನನಗೆ ಅಷ್ಟು ಹಸಿರು ಕಣ್ಣಿಗೆ ಒಗ್ಗಲು ಒಂದಷ್ಟು ಕಾಲ ಹಿಡಿಯಿತು.

ಗಣಿತದಲ್ಲಿ ದತ್ತಾಂಶದ ಪಾಠ ಬಂತು. ಮಾಹಿತಿ ಕೂಡಿಸಬೇಕು, ಅದನ್ನು ಚಿತ್ರ ಮಾಡಿ ತೋರಿಸಬೇಕು, ಆ ಚಿತ್ರ ಏನು ಹೇಳುತ್ತದೆಂದು ಓದಬೇಕು. ರೂಢಿಯಂತೆ ನಾನು ಮಕ್ಕಳಿಗೆ ಇಷ್ಟದ ಹಣ್ಣು ಯಾವುದೆಂದು ಕೇಳಿದೆ. ಮೊದಲ ಬೆಂಚಿನವನು ಸೇಬು ಎಂದ. ಅವನ ಹಿಂದಿನವರೂ ಸೇಬು ಎಂದರು. ಹಲಗೆಯ ಮೇಲೆ ಒಂದೇ ಕಂಬ ಎದ್ದು ನಿಂತಿತು. "ಇದರಾಗ ಏನು ತಿಳೀತೈತಿ?" ಎಂದು ಕೇಳಿದರೆ, "ಸೇಬು ಅಂತ ತಿಳೀತೈತ್ರಿ" ಎಂದರು. ಅವರಿಗೂ ಬೇಸರ, ನನಗೂ ಬೇಸರ.

ಅವತ್ತು ಮಧ್ಯಾಹ್ನ ಬಿಸಿಯೂಟದ ಸಾಲಿನ ಹತ್ತಿರ ನಿಂತಿದ್ದೆ. ತಟ್ಟೆ ಹಿಡಿದ ಮಕ್ಕಳು ಕನ್ನಡದಲ್ಲಿ ಜಗಳ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಅಕ್ಕ ತಮ್ಮ ಇಬ್ಬರು ಉರ್ದುವಿನಲ್ಲಿ ಪಿಸುಗುಟ್ಟುತ್ತಿದ್ದರು. ಒಬ್ಬರನ್ನು ನೋಡಿ ಒಬ್ಬರು ಉತ್ತರ ಹೇಳಲಾರದ ಪ್ರಶ್ನೆ ಮನೆಮಾತಿನದೇ ಅನ್ನಿಸಿತು. ಮನೆಯಿಂದ ಖಾಲಿ ಬೆಂಕಿಪೊಟ್ಟಣ ತರಲು ಹೇಳಿದೆ.

ಮರುದಿನ ನೆಲದ ಮೇಲೆ ಸೀಮೆಸುಣ್ಣದಿಂದ ಕನ್ನಡ, ತೆಲುಗು, ಉರ್ದು ಎಂದು ಬರೆದೆ. ಮನೆಯಲ್ಲಿ ಮಾತಾಡುವ ಭಾಷೆಯ ಮೇಲೆ ಒಬ್ಬೊಬ್ಬರು ಒಂದೊಂದು ಪೊಟ್ಟಣ ಇಡಬೇಕು. ಕಂಬಗಳು ಏಳತೊಡಗಿದವು. ಬಟ್ಟೆ ಅಂಗಡಿಯವರ ಮಗಳು, ಎರಡು ಜಡೆಯ ಚುರುಕಿನ ಹುಡುಗಿ, ಪೊಟ್ಟಣ ಹಿಡಿದು ನಿಂತೇ ಇದ್ದಳು.

"ಟೀಚರ್, ನನಗ ಎರಡು ಬೇಕ್ರಿ."

"ಒಬ್ಬರಿಗೆ ಒಂದ ನೋಡವಾ."

"ಅಮ್ಮಿ ಜೋಡಿ ಉರ್ದು ಮಾತಾಡ್ತೀನ್ರಿ. ಅಬ್ಬಾನ ಜೋಡಿ ಅಂಗಡ್ಯಾಗ ಕನ್ನಡ. ಒಂದ ಇಟ್ರ ಸುಳ್ಳಾಗ್ತೈತ್ರಿ."

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಇನ್ನೊಂದು ಕೊಟ್ಟೆ. ಕೊಟ್ಟದ್ದೇ ತಡ, ಇಟ್ಟು ಹೋದವರೆಲ್ಲ ತಿರುಗಿ ಬಂದರು. ಒಬ್ಬನ ಅಜ್ಜಿ ತೆಲುಗಿನವಳು, ಇನ್ನೊಬ್ಬಳ ಚಿಗವ್ವ ಮುಕ್ಕುಂದದಿಂದ ಬಂದು ಕನ್ನಡ ಕಲಿಸಿದ್ದಾಳೆ. ತಂದ ಪೊಟ್ಟಣಗಳೆಲ್ಲ ಮುಗಿದವು. ಎಣಿಸಲು ಕೂತ ಹುಡುಗ ತಲೆ ಎತ್ತಿ, "ಟೀಚರ್, ನಮಗಿಂತ ಪೆಟ್ಟಿಗಿನ ಜಾಸ್ತಿ ಆಗ್ಯಾವ. ನಾವು ಎಷ್ಟು ಮಂದಿ ಅದೀವಿ ಅಂತ ಇದರಾಗ ತಿಳಿಯಂಗಿಲ್ಲ" ಎಂದ. ನಾಳೆ ನೋಡೋಣ ಎಂದು ಗಂಟೆಯ ಕಡೆ ಕಿವಿ ಕೊಟ್ಟೆ.

ಸಿಂಧನೂರಿಗೆ ಹೋಗುವ ಆಟೋದಲ್ಲಿ ಅದೇ ಯೋಚನೆ. ತಪ್ಪು ಮಕ್ಕಳದಲ್ಲ, ನನ್ನ ಪ್ರಶ್ನೆ ಅಷ್ಟು ಸಡಿಲವಾಗಿತ್ತು. ಒಬ್ಬರಿಂದ ಒಂದೇ ಉತ್ತರ ಬರುವಂಥದ್ದು ಬೇಕು. ಮುಂದಿನ ಸೀಟಿನಲ್ಲಿ ಒಬ್ಬ ತಾಯಿ ಮಗನನ್ನು ಗದರಿಸುತ್ತಿದ್ದಳು. ಸಿಟ್ಟು ಬಂದಾಗ ಯಾರೂ ಭಾಷೆ ಆರಿಸಿಕೊಂಡು ಮಾತಾಡುವುದಿಲ್ಲ. ಪ್ರಶ್ನೆ ಸಿಕ್ಕಿತು ಅಂದುಕೊಂಡೆ. ಬೆಳಿಗ್ಗೆ ತರಗತಿಯಲ್ಲಿ ಕೇಳಿದೆ:

"ನಿಮ್ಮವ್ವ ನಿಮಗ ಯಾವ ಭಾಷಾದಾಗ ಬೈತಾಳ?"

ತರಗತಿ ನಕ್ಕು ನಕ್ಕು ಸುಸ್ತಾಯಿತು. ಅವ್ವಂದಿರ ಬೈಗುಳಗಳನ್ನು ರಾಗ ಸಮೇತ ಒಪ್ಪಿಸಿ ಒಬ್ಬೊಬ್ಬರೇ ಪೊಟ್ಟಣ ಇಟ್ಟು ಹೋದರು. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಮಾತ್ರ ಎದ್ದಿರಲಿಲ್ಲ. ನನ್ನ ಹಾಗೆ ಅವಳೂ ಆ ವರ್ಷವೇ ಶಾಲೆಗೆ ಬಂದವಳು. ಕನ್ನಡ ಸ್ವಚ್ಛವಾಗಿ ಆಡುತ್ತಿದ್ದಳು, ಆದರೆ ಆಡುತ್ತಿದ್ದುದು ಕಡಿಮೆ.

"ಯಾಕವಾ, ನಿಂದು?"

"ವಿಚಾರ ಮಾಡಾಕತ್ತೀನ್ರಿ."

ಪಕ್ಕದಲ್ಲಿದ್ದವಳು ಮೆಲ್ಲಗೆ, "ಆಕಿಗೆ ಅವ್ವ ಇಲ್ರಿ ಟೀಚರ್. ಅಜ್ಜಿ ಮನ್ಯಾಗ ಇರ್ತಾಳ" ಎಂದಳು.

ನಗು ನಿಂತಿತು. ಅಜ್ಜಿಯ ಬೈಗುಳ ಹೇಳಿದರೂ ನಡೆಯುತ್ತದೆ ಎಂದು ಏನೋ ತೊದಲಿದೆ. ಆ ಹುಡುಗಿ ಸ್ವಲ್ಪವೂ ಅಳುಕದೆ ಹೇಳಿದಳು: "ನಮ್ಮಜ್ಜಿ ಬೈಯಂಗಿಲ್ರಿ."

ಬೈಸಿಕೊಳ್ಳದ ಮಗುವಿಗೆ ನನ್ನ ಲೆಕ್ಕದಲ್ಲಿ ಜಾಗ ಇರಲಿಲ್ಲ. ಆಗ ಎರಡು ಜಡೆಯವಳು ಎದ್ದಳು.

"ಉಣ್ಣಾಕ ಹೆಂಗ ಕರೀತಾರ ಅಂತ ಕೇಳ್ರಿ ಟೀಚರ್. ಎಲ್ಲಾರನ್ನೂ ಯಾರರ ಕರೀತಾರ."

ಕೇಳಲು ನನಗೆ ಹೆದರಿಕೆಯಾಯಿತು. ಯಾರೂ ಕರೆಯದ ಮಗು ಇದ್ದರೆ? ಅದಕ್ಕೇ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಲಿಲ್ಲ, ಇಟ್ಟ ಪೊಟ್ಟಣಗಳನ್ನು ತೆಗೆಸಿದೆ. ಕಣ್ಣು ಮುಚ್ಚಿ ಆ ಕರೆಯನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳಿ, ಆಮೇಲೆ ಬಂದು ಇಡಿ, ಇಡದಿದ್ದರೂ ನಡೆಯುತ್ತದೆ ಎಂದೆ. ಕಣ್ಣು ಮುಚ್ಚಿದ ಮುಖಗಳನ್ನು ನೋಡುತ್ತ ನಿಂತೆ. ಒಬ್ಬೊಬ್ಬರೇ ಬಂದರು. ಯಾರೂ ಉಳಿಯಲಿಲ್ಲ. ಕಿಟಕಿಯ ಹುಡುಗಿ ತನ್ನ ಪೊಟ್ಟಣವನ್ನು ತೆಲುಗಿನ ಕಂಬದ ಮೇಲಿಟ್ಟಳು. ಹಿಂದಿನ ದಿನದ ಗದ್ದಲದಲ್ಲಿ ಅವಳು ಎಲ್ಲಿಟ್ಟಳೆಂದು ಯಾರೂ ನೋಡಿರಲಿಲ್ಲ; ಅವಳ ಮನೆಮಾತು ತೆಲುಗು ಎಂದು ಆವರೆಗೆ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅಜ್ಜಿ ಏನಂತ ಕರೀತಾಳ?" ಹಿಂದಿನಿಂದ ಯಾರೋ ಕೇಳಿದರು.

"ರಾ ತಲ್ಲೀ, ಅನ್ನಂ ತಿನು." ಬಾ ತಾಯಿ, ಅನ್ನ ತಿನ್ನು ಎಂದು. ಹೇಳುವಾಗ ಅವಳ ದನಿ ಬೇರೆಯಾಯಿತು, ಸ್ವಲ್ಪ ಅಜ್ಜಿಯದೇ ಇರಬೇಕು.

ಮೂರು ಕಂಬಗಳೂ ಹೆಚ್ಚು ಕಡಿಮೆ ಒಂದೇ ಎತ್ತರ ಬಂದವು. ಆಮೇಲೆ ಮಕ್ಕಳೇ ಇನ್ನೊಂದು ಪ್ರಶ್ನೆ ಮಾಡಿದರು: ಆಟಕ್ಕೆ ಗೆಳೆಯರನ್ನು ಯಾವ ಭಾಷೆಯಲ್ಲಿ ಕರೆಯುತ್ತೀರಿ? ಈ ಸಲ ಕನ್ನಡದ ಕಂಬ ಬೀಳುವಷ್ಟು ಎತ್ತರ ಹೋಯಿತು, ಉಳಿದೆರಡು ಕುಳ್ಳಗೆ ಕೂತವು. ಎರಡನ್ನೂ ಚೌಕದ ಹಾಳೆಯ ಮೇಲೆ ಬಣ್ಣ ತುಂಬಿ ಬರೆದು ಗೋಡೆಗೆ ಅಂಟಿಸಿದೆವು. ಅದೇ ಮಕ್ಕಳ ಎರಡು ಚಿತ್ರ ಹೀಗೇಕೆ ಬೇರೆ ಎಂದು ಕೇಳಿದಾಗ, ಎಣಿಸಿದ ಹುಡುಗ, "ನಾವು ಅದ ಮಂದಿ ಅದೀವ್ರಿ. ಕೇಳಿದ್ದು ಬ್ಯಾರೆ" ಎಂದ. ಓದುವುದು ಎಂದರೆ ಇದೇ ಅಲ್ಲವೇ ಅಂದುಕೊಂಡೆ.

ಕೆಲವು ದಿನದ ಮೇಲೆ ಶಾಲೆ ನೋಡಲು ಒಬ್ಬ ಅಧಿಕಾರಿ ಬೈಕಿನಲ್ಲಿ ಬಂದರು. ಮಸ್ಕಿ ಕಡೆಯವರು, ಒಳ್ಳೆಯ ಮನುಷ್ಯ. ಗೋಡೆಯ ಮೇಲಿನ ಒಂದು ಹಾಳೆ ನೋಡಿ, "ನಿಮ್ಮ ಕ್ಲಾಸಿನ್ಯಾಗ ಕನ್ನಡ ಇಷ್ಟು ಕಡಿಮಿ ಏನು?" ಎಂದರು.

"ಉಣ್ಣಾಕ ಕರಿಯಾಗ ಅಷ್ಟ ಸರ್ರೀ," ಎಂದಳು ಎರಡು ಜಡೆಯವಳು. "ಆಟದ್ದು ಆ ಕಡಿ ಐತ್ರಿ. ಮ್ಯಾಲೆ ಬರದದ್ದು ಓದ್ರಿ ಮೊದಲ."

ನಾನು ಅವಳನ್ನು ಕಣ್ಣಲ್ಲೇ ಗದರಿದೆ. ಅವರು ಮಾತ್ರ ಕನ್ನಡಕ ಏರಿಸಿ ಎರಡೂ ಶೀರ್ಷಿಕೆಗಳನ್ನು ನಿಧಾನವಾಗಿ ಓದಿದರು. "ನಿಮ್ಮನ್ನ ಯಾವ ಭಾಷಾದಾಗ ಉಣ್ಣಾಕ ಕರೀತಾರ್ರಿ ಸರ್?" ಎಂದು ಕಿಟಕಿಯ ಹುಡುಗಿ ಕೇಳಿದಳು. ಅವಳಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು.

ಅವರು ಕನ್ನಡಕ ತೆಗೆದರು. "ಸಣ್ಣಾವ ಇದ್ದಾಗ ಲಂಬಾಣಿಯೊಳಗ. ನಮ್ಮದು ತಾಂಡಾ."

ಮಕ್ಕಳು ಹಾಳೆಯ ಕಡೆ ನೋಡಿದರು. ಲಂಬಾಣಿಗೆ ಅಲ್ಲಿ ಕಂಬವಿರಲಿಲ್ಲ. ಹೊಸದೊಂದು ಬರೆಯೋಣ ಎಂದು ಕೆಲವರು, ಬೇಡ ಎಂದು ಕೆಲವರು. ಕೊನೆಗೆ ಎಣಿಸುವ ಹುಡುಗ ತೀರ್ಮಾನ ಕೊಟ್ಟ: "ಸರ್ ನಮ್ಮ ಕ್ಲಾಸಿನೋರಲ್ಲ. ಅವರನ್ನ ಸೇರಿಸಿದ್ರ ಲೆಕ್ಕ ತಪ್ಪತೈತಿ."

ಅಧಿಕಾರಿ ಮನಸಾರೆ ನಕ್ಕರು. "ಖರೇ ಐತಿ," ಎಂದು ಅವನ ಬೆನ್ನು ತಟ್ಟಿ ಮುಂದಿನ ಶಾಲೆಗೆ ಹೊರಟರು.

ಬೈಕಿನ ಸದ್ದು ದೂರವಾದ ಮೇಲೆ ಕಿಟಕಿಯ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು.

"ನಿಮ್ಮನ್ನ ಯಾವುದರಾಗ ಕರೀತಿದ್ರು ಟೀಚರ್?"

"ಕನ್ನಡದಾಗ."

"ಆಟಕ್ಕ?"

"ಅದಕ್ಕೂ ಕನ್ನಡನ."

"ಬರೇ ಒಂದ ಏನ್ರಿ?" ಎಂದಳು. ಅಯ್ಯೋ ಪಾಪ ಎನ್ನುವ ಹಾಗೆ ನನ್ನ ಮುಖ ನೋಡಿ, ತನ್ನ ಜಾಗಕ್ಕೆ ಹೋಗಿ ಕೂತಳು.