ಸಿಕ್ಕು ಬಿಡಿಸುವ ಕೈ

ಸಿನಿಮಾ ಸೇರಿ ನಾನು ಮಾಡಿದ ಮೊದಲ ತಪ್ಪು ಎಂದರೆ ಕುಳಿತದ್ದು. ಕುಣಿಯಲು ಹೋದವಳು ಸುಮ್ಮನೆ ನಿಂತಿರಬೇಕಿತ್ತು. ಕುಳಿತೆ. ಆ ತಪ್ಪನ್ನು ತಿದ್ದಿಕೊಳ್ಳಲು ನನಗೆ ಒಂಬತ್ತು ವರ್ಷ ಹಿಡಿಯಿತು.

ನಮ್ಮದು ಕೊಪ್ಪಳಕ್ಕೆ ಅಂಟಿಕೊಂಡಿರುವ ಭಾಗ್ಯನಗರ. ನಮ್ಮ ಓಣಿಯಲ್ಲಿ ಹುಟ್ಟಿದವರಿಗೆ ಕೂದಲು ಎಂದರೆ ಮೊದಲು ನೆನಪಾಗುವುದು ತಲೆಯಲ್ಲ, ಗೋಣಿಚೀಲ. ಊರೂರಿನ ಹೆಂಗಸರು ತಲೆ ಬಾಚಿಕೊಂಡಾಗ ಉದುರಿದ್ದನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿ ಇಟ್ಟಿರುತ್ತಾರೆ. ಬಾಂಡೆ ಸಾಮಾನಿನವರು ಬಂದಾಗ ಅದನ್ನು ಕೊಟ್ಟು ಒಂದು ಸ್ಟೀಲಿನ ಬಟ್ಟಲೋ ಪಿನ್ನುಗಳೋ ತೆಗೆದುಕೊಳ್ಳುತ್ತಾರೆ. ಆ ಉಂಡೆಗಳೆಲ್ಲ ಚೀಲ ತುಂಬಿ ನಮ್ಮ ಓಣಿಯ ತಗಡಿನ ಶೆಡ್ಡಿಗೆ ಬರುತ್ತಿದ್ದವು. ಅವ್ವ ಮತ್ತು ಓಣಿಯ ಹೆಂಗಸರು ಬೆಳಿಗ್ಗೆ ಕುಳಿತರೆ ಕತ್ತಲಾಗುವವರೆಗೆ ಅವುಗಳ ಸಿಕ್ಕು ಬಿಡಿಸುತ್ತಿದ್ದರು. ಬಿಡಿಸಿದ ಕೂದಲು ಉದ್ದದ ಪ್ರಕಾರ ಕಟ್ಟುಗಳಾಗಿ ಎಲ್ಲೆಲ್ಲಿಗೋ ಹೋಗಿ ವಿಗ್ ಆಗುತ್ತಿತ್ತು.

ಆ ಕೆಲಸಕ್ಕೆ ಒಂದು ಪದ್ಧತಿ ಇದೆ. ಉಂಡೆಯ ಒಂದು ಬದಿಯನ್ನು ಕಾಲಿನ ಹೆಬ್ಬೆರಳಿನ ಕೆಳಗೆ ಒತ್ತಿ ಹಿಡಿಯಬೇಕು, ಎಡಗೈಯಿಂದ ಎಳೆ ಸಡಿಲಿಸಬೇಕು, ಬಲಗೈಯ ಉದ್ದ ಸೂಜಿಯಿಂದ ತುದಿಯ ಕಡೆಯಿಂದ ಒಂದೊಂದೇ ಎಳೆ ಬಿಡಿಸುತ್ತಾ ಬುಡಕ್ಕೆ ಬರಬೇಕು. ಬುಡದಿಂದ ಬಾಚಿದರೆ ಕೂದಲು ಹರಿಯುತ್ತದೆ. ನಾನು ಆರನೇ ಇಯತ್ತೆಗೆ ಬರುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಬಿಡಿಸುತ್ತಿದ್ದೆ. ಸಂಜೆ ಸಾಲಿ ಬಿಟ್ಟ ಮೇಲೆ ಅವ್ವನ ಪಕ್ಕ ಕುಳಿತರೆ ಊಟದ ಹೊತ್ತಿಗೇ ಏಳುವುದು. ಅವ್ವ ಏಳುವಾಗ ಮೊದಲು ನೆಲಕ್ಕೆ ಎರಡೂ ಕೈ ಊರಿ, ಆಮೇಲೆ ಗೋಡೆ ಹಿಡಿದು, ಸ್ವಲ್ಪ ಹೊತ್ತು ಹಾಗೇ ನಿಂತಿರುತ್ತಿದ್ದಳು. ಆಗ ಅವಳಿಗೆ ಮೂವತ್ತೈದೂ ದಾಟಿರಲಿಲ್ಲ. ಅವಳ ಮೊಣಕಾಲು ನೋಡಿಯೇ ನನಗೆ ಕುಣಿಯುವ ಹುಚ್ಚು ಹತ್ತಿತು ಎಂದರೆ ಯಾರೂ ನಂಬುವುದಿಲ್ಲ. ನನಗೆ ಕೂರುವುದು ಬೇಡವಾಗಿತ್ತು, ಅಷ್ಟೇ.

ಸಾಲಿಯ ವರ್ಷದ ಗ್ಯಾದರಿಂಗಿನಲ್ಲಿ ಕುಣಿದೆ. ಆಮೇಲೆ ಕೊಪ್ಪಳದ ಒಂದು ರಸಮಂಜರಿ ತಂಡ ಸೇರಿದೆ. ಕುಷ್ಟಗಿ, ಯಲಬುರ್ಗಾ, ಬೇವೂರು, ಎಲ್ಲಿ ಕರೆದರೆ ಅಲ್ಲಿಗೆ. ಬೇವೂರಿನಲ್ಲಿ ಟ್ರ್ಯಾಕ್ಟರಿನ ಎರಡು ಟ್ರೇಲರ್ ಜೋಡಿಸಿ ಸ್ಟೇಜ್ ಮಾಡಿದ್ದರು. ನಡುವಿನ ಸಂದಿಯಲ್ಲಿ ನನ್ನ ಕಾಲು ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವವರೆಗೆ ಕೈ, ಕುತ್ತಿಗೆ, ಕಣ್ಣು ಇಷ್ಟರಲ್ಲೇ ಅರ್ಧ ಹಾಡು ಕುಣಿದೆ. ಜನ ಅದೇ ಸ್ಟೆಪ್ ಎಂದುಕೊಂಡು ಶಿಳ್ಳೆ ಹೊಡೆದು ಇನ್ನೊಮ್ಮೆ ಬೇಕೆಂದರು. ಅವತ್ತು ನನಗೆ ಧೈರ್ಯ ಬಂತು. ಬೆಂಗಳೂರಿಗೆ ಹೋಗುತ್ತೇನೆ ಎಂದಾಗ ಅವ್ವ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಹಿಟ್ನಾಳದ ಕ್ರಾಸಿನವರೆಗೆ ಬಂದು ಬಸ್ಸು ಹತ್ತಿಸಿ ಒಂದೇ ಮಾತು ಹೇಳಿದಳು.

"ತೆರಿ ಮ್ಯಾಲ ನಿನ್ನ ಮಾರಿ ಬಂದಾಗ ಹೇಳು, ಟಾಕೀಜಿಗೆ ಬರತೀನಿ. ಬೆನ್ನ ನೋಡಾಕ ನಾ ಬರಂಗಿಲ್ಲ."

ಬೆಂಗಳೂರಿನಲ್ಲಿ ನಾಲ್ಕನೇ ಸಾಲಿನಲ್ಲಿ ನಿಂತೆ. ನಾಯಕಿಯ ಹಿಂದೆ ಕುಣಿಯುವ ಮೂವತ್ತು ಹುಡುಗಿಯರಲ್ಲಿ ಒಬ್ಬಳು. ಮೂರನೇ ದಿನ ಸೆಟ್ಟಿನಲ್ಲಿ ಎಲ್ಲರೂ ಸುಮ್ಮನೆ ಕಾಯುತ್ತಿದ್ದೆವು. ನಾಯಕಿಯ ಸೊಂಟದುದ್ದದ ವಿಗ್ ಸಿಕ್ಕಾಗಿತ್ತು. ಹೇರ್ ಡ್ರೆಸ್ಸರ್ ಹೆಂಗಸು ಬುಡದಿಂದ ಬಾಚಣಿಗೆ ಹಾಕಿ ಜಗ್ಗುತ್ತಿದ್ದಳು. ಜಗ್ಗಿದಾಗಲೆಲ್ಲ ಎಳೆಗಳು ಪಟಪಟ ಹರಿಯುತ್ತಿದ್ದವು. ನನಗೆ ನೋಡಲಾಗಲಿಲ್ಲ. ಅದು ಯಾರೋ ಒಬ್ಬಳು ನನ್ನ ಅವ್ವನಂತೆ ಕುಳಿತು ಬಿಡಿಸಿದ ಕೂದಲು. ಹೋಗಿ ಹೇರ್ ಡ್ರೆಸ್ಸರ್ ಕೈಯಿಂದ ವಿಗ್ ಕಿತ್ತುಕೊಂಡು, ನೆಲದ ಮೇಲೆ ಕುಳಿತು, ಹೆಬ್ಬೆರಳಿನಡಿ ಒತ್ತಿ, ಒಂದು ಹೇರ್ ಪಿನ್ ಬಿಡಿಸಿ ನೆಟ್ಟಗೆ ಮಾಡಿಕೊಂಡು ಶುರುಮಾಡಿದೆ. ಅರ್ಧ ಗಂಟೆಯಲ್ಲಿ ವಿಗ್ ರೇಷ್ಮೆಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೂರ್ಖಿ, ಹಿಗ್ಗಿದೆ.

"ನಾಳೆಯಿಂದ ನನ್ನ ಹೇರ್ ಇವಳೇ ನೋಡಿಕೊಳ್ಳಲಿ" ಎಂದರು ನಾಯಕಿ. ನಾನು ಎದ್ದು ನನ್ನ ಸಾಲಿಗೆ ಹೋದರೆ ಅಲ್ಲಿ ಬೇರೆ ಹುಡುಗಿ ನಿಂತಿದ್ದಳು. ಡ್ಯಾನ್ಸ್ ಮಾಸ್ಟರ್ ನನ್ನತ್ತ ನೋಡಲೂ ಇಲ್ಲ. "ನಿಂಗೆ ಕೆಲಸ ಸಿಕ್ತಲ್ಲಮ್ಮ, ಆ ಕಡೆ ಹೋಗು" ಎಂದರು.

ಎರಡು ವರ್ಷ ಕೂದಲ ಪೆಟ್ಟಿಗೆ ಹೊತ್ತೆ. ಕುಣಿಯುವ ಅವಕಾಶ ಕೇಳಿದರೆ ಎಲ್ಲರೂ ನಗುತ್ತಿದ್ದರು, ಬೈಯುತ್ತಿರಲಿಲ್ಲ. ಬೈದಿದ್ದರೆ ಬೇಗ ಬಿಡುತ್ತಿದ್ದೆ. ಕೊನೆಗೆ ಒಂದು ದಿನ ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದೆ.

"ಕೂದಲ ಬಿಡಸಾಕ ಬೆಂಗಳೂರಿಗೆ ಯಾಕ ಹೋಗಬೇಕಿತ್ತು? ಅದು ಇಲ್ಲೇ ಇತ್ತಲ್ಲ" ಎಂದಳು.

ಸಿಟ್ಟು ನೆತ್ತಿಗೇರಿತು. ಅವ್ವನ ಮೇಲಲ್ಲ, ನನ್ನ ಕೈಗಳ ಮೇಲೆ. ಮರುದಿನವೇ ಪೆಟ್ಟಿಗೆ ಒಪ್ಪಿಸಿ ಬಂದೆ. ಇನ್ನು ಸೆಟ್ಟಿನಲ್ಲಿ ಯಾರ ಕೂದಲಿಗೂ ಕೈ ಹಚ್ಚುವುದಿಲ್ಲ ಎಂದು ನಿರ್ಧರಿಸಿದೆ, ನನ್ನ ಜಡೆಯನ್ನೂ ಅಲ್ಲಿ ಹಾಕಿಕೊಳ್ಳುವುದಿಲ್ಲ ಎಂದು. ಬೇರೆ ಮಾಸ್ಟರ್ ಹತ್ತಿರ ಹೋಗಿ ಮತ್ತೆ ಕೊನೆಯ ಸಾಲಿನಿಂದ ಶುರುಮಾಡಿದೆ. ಬೆಳಗಿನ ಐದಕ್ಕೆ ಬಾಡಿಗೆ ಕೋಣೆಯ ಮಾಳಿಗೆಯ ಮೇಲೆ ಕುಣಿದರೆ ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ಕುಟ್ಟುತ್ತಿದ್ದರು, ನಾನು ಆ ಕುಟ್ಟುವಿಕೆಗೂ ಲಯ ಕೂಡಿಸುತ್ತಿದ್ದೆ. ನಾಲ್ಕನೇ ಸಾಲು, ಮೂರನೇ ಸಾಲು, ಆಮೇಲೆ ನಾಯಕಿಯ ಗೆಳತಿ, ಆಮೇಲೆ ನಾಯಕನ ತಂಗಿ. ಗೆಳತಿಯ ಪಾತ್ರಕ್ಕೆ ಒಟ್ಟು ಎರಡು ಮಾತು ಇದ್ದವು, ಎರಡರಲ್ಲೂ "ಅಯ್ಯೋ" ಇತ್ತು. ಆದರೂ ನನ್ನ ಮಾರಿ ತೆರೆಯ ಮೇಲೆ ಬಂತು. ಅವ್ವನಿಗೆ ಹೇಳಿದೆ. ಕೆಲಸ ಐತಿ, ಬರಾಕ ಆಗಂಗಿಲ್ಲ ಎಂದಳು. ನನಗೆ ಅಳು ಬಂತು, ಅತ್ತುಬಿಟ್ಟೆ, ಮರುದಿನ ಪ್ರಾಕ್ಟೀಸಿಗೆ ಹೋದೆ.

ಒಂಬತ್ತನೇ ವರ್ಷ ಒಂದು ಇಡೀ ಹಾಡು ಸಿಕ್ಕಿತು. ಒಬ್ಬಳೇ ಕುಣಿಯುವ ಹಾಡು, ಹಿಂದೆ ಆರೇ ಜನ. ಶೂಟಿಂಗ್ ಗಂಗಾವತಿಯ ಹತ್ತಿರದ ಬಂಡೆಗುಡ್ಡದಲ್ಲಿ. ಮನೆಗೆ ಇಷ್ಟು ಹತ್ತಿರ ಬಂದಿದ್ದೇನೆ, ಈಗಲಾದರೂ ಬಾ ಎಂದೆ. ಅವ್ವ ಬಂದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದುಕೊಂಡು ಬಂಡೆಯ ನೆರಳಿಗೆ ನಿಂತಳು. ಯಾರೋ ಕುರ್ಚಿ ಕೊಟ್ಟರೆ ಬೇಡವೆಂದಳು.

ಸಂಜೆಯ ಬಿಸಿಲು ಬಂಡೆಗಳ ಮೇಲೆ ಕೆಂಪಗೆ ಬೀಳುವ ಹೊತ್ತಿಗೆ ಮುಖ್ಯವಾದ ಶಾಟ್. ತಯಾರಾಗಿ ಹೊರಟೆ, ಗಾಳಿ ಬೀಸಿತು, ನನ್ನ ಮೊಣಕಾಲುದ್ದದ ವಿಗ್ ಜಾಲಿ ಮುಳ್ಳಿನ ಕಂಟಿಗೆ ಸಿಕ್ಕಿಕೊಂಡಿತು. ಇಬ್ಬರು ಸೇರಿ ಅದನ್ನು ಜಗ್ಗಿ ಬಿಡಿಸುವಷ್ಟರಲ್ಲಿ ಮುಳ್ಳು ಸಮೇತ ದೊಡ್ಡ ಉಂಡೆಯಾಯಿತು. ಮೇಕಪ್‌ನವನು ಅದನ್ನು ನನ್ನ ತಲೆಯಿಂದ ಬಿಚ್ಚಿ ಹಿಡಿದುಕೊಂಡು ನಿಂತ. ಹೇರ್ ಡ್ರೆಸ್ಸರ್ ಹೊಟ್ಟೆ ಕೆಟ್ಟು ಗಂಗಾವತಿಯ ಲಾಡ್ಜಿನಲ್ಲಿ ಮಲಗಿದ್ದಳು. ಡೈರೆಕ್ಟರ್ ಗಡಿಯಾರ ನೋಡಿದರು, ಸೂರ್ಯನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರು ಯಾರಿಂದಲೋ ನನ್ನ ಹಳೆಯ ಕಥೆ ಕೇಳಿದ್ದರು.

"ನಿಮಗೆ ಬರುತ್ತಂತಲ್ಲ ಮೇಡಂ. ಕೂತ್ಕೊಂಡು ಬಿಡಿಸಿಬಿಡಿ. ಅಷ್ಟರಲ್ಲಿ ಆ ಹುಡುಗಿಯನ್ನ ಬೆನ್ನಿನ ಕಡೆಯಿಂದ ಕುಣಿಸಿ ನಾಲ್ಕು ಶಾಟ್ ತಗೊಳ್ತೀನಿ. ಅವಳ ಕೂದಲು ಒರಿಜಿನಲ್."

ಹಿಂದಿನ ಆರು ಜನರಲ್ಲಿ ಒಬ್ಬಳಿಗೆ ನಿಜವಾಗಿಯೂ ಉದ್ದ ಜಡೆ ಇತ್ತು. ಪಾಪ, ಅವಳ ಕಣ್ಣಲ್ಲಿ ಆಸೆ ಕಂಡಿತು. ಬಿಸಿಲು ಇರುವುದು ಇನ್ನು ಮುಕ್ಕಾಲು ಗಂಟೆ. ನಾನು ಕುಳಿತರೆ ಹಾಡಿನ ಅರ್ಧ ಅವಳದ್ದು. ನನ್ನ ಬೆರಳುಗಳು ಆಗಲೇ ಆ ಉಂಡೆಯ ತುದಿ ಹುಡುಕುತ್ತಿದ್ದವು, ಸುಳ್ಳು ಹೇಳುವುದಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ನಾನು ಕೂರಲ್ಲ ಸಾರ್" ಎಂದೆ. "ವಿಗ್ ಬೇಡ, ನನ್ನ ಕೂದಲಲ್ಲೇ ಕುಣಿತೀನಿ. ಬೇಡವೆಂದರೆ ಹಾಡನ್ನೇ ಬಿಡ್ತೀನಿ."

"ಬೆಳಗಿನಿಂದ ಉದ್ದ ಕೂದಲಲ್ಲಿ ತೆಗೆದಿದ್ದೀವಿ, ಮಧ್ಯದಲ್ಲಿ ಮೋಟು ಮಾಡೋಕಾಗುತ್ತಾ? ಇದೇನು ಹಟ?" ಎಂದು ಅವರು ದನಿ ಏರಿಸಿದರು. ಅವರ ಮಾತು ನ್ಯಾಯವೇ. ಆದರೂ ನಾನು ಮೊಣಕಾಲು ಮಡಚಲಿಲ್ಲ.

ಅಷ್ಟರಲ್ಲಿ ಅವ್ವ ನೆರಳಿನಿಂದ ಬಂದಳು. ಚಪ್ಪಲಿ ಬಿಟ್ಟಳು. ನೆಲಕ್ಕೆ ಕೈ ಊರಿ, ನೋವಿಗೆ ಹಲ್ಲು ಕಚ್ಚಿ, ಬಂಡೆಯ ಮೇಲೆ ಕುಳಿತಳು. ಮೇಕಪ್‌ನವನ ಕೈಯಿಂದ ವಿಗ್ ತೆಗೆದುಕೊಂಡು ಹೆಬ್ಬೆರಳಿನಡಿ ಒತ್ತಿದಳು, ಸೀರೆಯ ಪಿನ್ ಬಿಚ್ಚಿದಳು. ನಾನು ಬಗ್ಗಿ ಒಂದು ಮುಳ್ಳು ತೆಗೆಯಹೋದೆ. ಅವಳು ನನ್ನ ಕೈ ಮೇಲೆ ಪಟ್ಟನೆ ಹೊಡೆದಳು.

"ನೀ ಕುಂದ್ರಬ್ಯಾಡ. ಕುಂತಿ ಅಂದ್ರ ಏಳಾಕ ಬಿಡಂಗಿಲ್ಲ ಇವರು."

ಹೋಗಿ ನನ್ನ ಜಾಗದಲ್ಲಿ ನಿಂತು ಸ್ಟೆಪ್ ಮತ್ತೊಮ್ಮೆ ಹಾಕಿಕೊಂಡೆ. ಇಪ್ಪತ್ತು ನಿಮಿಷಕ್ಕೆ ಅವ್ವ "ತಗೋರಿ" ಎಂದು ವಿಗ್ ಎತ್ತಿ ಕೊಟ್ಟಳು. ಒಂದು ಎಳೆಯೂ ಹರಿದಿರಲಿಲ್ಲ. ಉಳಿದ ಬಿಸಿಲಿನಲ್ಲಿ ಎಲ್ಲ ಶಾಟುಗಳನ್ನೂ ನಾನೇ ಕುಣಿದೆ, ಮಾರಿಯದನ್ನೂ ಬೆನ್ನಿನದನ್ನೂ.

ಪ್ಯಾಕಪ್ ಆಯಿತು. ಡೈರೆಕ್ಟರ್ ಅವ್ವನ ಹತ್ತಿರ ಬಂದು, "ಇಂಥ ಕೈ ನಾವು ಎಲ್ಲೂ ನೋಡಿಲ್ಲಮ್ಮ, ಬೆಂಗಳೂರಿಗೆ ಬಂದುಬಿಡಿ" ಎಂದರು.

"ನಾ ಬರಂಗಿಲ್ರಿ. ಅಕಿನ್ನ ಕುಣಿಸ್ರಿ" ಎಂದು ಅವ್ವ ರೊಟ್ಟಿಯ ಗಂಟು ಬಿಚ್ಚಿದಳು.

ಎಲ್ಲರೂ ವ್ಯಾನಿನ ಕಡೆ ಹೋದ ಮೇಲೆ ನಾನು ಕೇಳಿದೆ, "ಯವ್ವಾ, ನಾ ಹ್ಯಾಂಗ ಕುಣಿದೆ?"

ಅವಳು ನಾಚಿಕೊಂಡಳು. ಅವ್ವ ನಾಚಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಾ ನೋಡಲಿಲ್ಲಬೇ. ಮತ್ತ ಸಿಕ್ಕಾಗತೈತೇನೋ ಅಂತ ಬರೇ ಕೂದಲಾ ನೋಡಿಕೋತ ಕುಂತಿದ್ದೆ. ಇನ್ನೊಮ್ಮಿ ಕುಣಿ, ಈಗ ನೋಡತೀನಿ."

ಕ್ಯಾಮರಾ ಪೆಟ್ಟಿಗೆ ಸೇರಿತ್ತು, ಹಾಡು ಹಚ್ಚುವವರು ಹೋಗಿದ್ದರು, ನನ್ನ ತಲೆಯ ಮೇಲೆ ವಿಗ್ ಕೂಡ ಇರಲಿಲ್ಲ. ಬಾಯಲ್ಲೇ ಹಾಡು ಹೇಳಿಕೊಂಡು ಮೊದಲಿನಿಂದ ಕೊನೆಯವರೆಗೆ ಕುಣಿದೆ. ಅವ್ವ ಬಂಡೆ ಹಿಡಿದು ಎದ್ದು, ಮುಗಿಯುವವರೆಗೂ ನಿಂತು ನೋಡಿದಳು.